ಹಾಡಿಗೆ ಚಪ್ಪಾಳೆ, ನಿರ್ದೇಶಕರಿಗೆ ಬೂ: ಒಪೆರಾದವರು ಇಷ್ಟು ಜಗಳ ಆಡೋದು ಯಾಕೆ?

2009ರ ಸೆಪ್ಟೆಂಬರ್ 21. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ (ಚಿಕ್ಕದಾಗಿ 'ಮೆಟ್') ಹೊಸ ಸೀಸನ್ನಿನ ಮೊದಲ ರಾತ್ರಿ. ಇಟಲಿಯ ಸಂಗೀತಗಾರ ಪುಚ್ಚೀನಿಯ 'ಟೋಸ್ಕಾ'. ಒಪೆರಾ ಅಂದರೆ ಮಾತನ್ನು ಹಾಡಿನಲ್ಲೇ ಹೇಳುವ ಸಂಗೀತ ನಾಟಕ. ಆಟ ಮುಗಿದ ಮೇಲೆ ಹಾಡಿದವರು ಪರದೆಯ ಮುಂದೆ ಬಂದು ತಲೆಬಾಗಿದರು. ಚಪ್ಪಾಳೆ ಬಿತ್ತು. ಆಮೇಲೆ ನಿರ್ದೇಶಕ ಲುಕ್ ಬೊಂಡಿ ತಮ್ಮ ತಂಡವನ್ನು ಕರೆದುಕೊಂಡು ಬಂದರು ನೋಡಿ, ಸಭಾಂಗಣದ ತುಂಬಾ 'ಬೂ' ಎಂಬ ಕೂಗು. ಸಾವಿರಾರು ರೂಪಾಯಿ ಕೊಟ್ಟು, ಸೂಟು ಗೌನು ಹಾಕಿಕೊಂಡು ಬಂದವರು, ನಮ್ಮ ಕ್ರಿಕೆಟ್ ಮೈದಾನದಲ್ಲಿ ಕೂಗಿದ ಹಾಗೆ ಕೂಗುತ್ತಿದ್ದರು.

ಒಪೆರಾ ಹಿಂಬಾಲಿಸುವವರಿಗೆ ಇದೇನೂ ಆಶ್ಚರ್ಯವಲ್ಲ. ಮಿಲಾನ್, ಬರ್ಲಿನ್, ಪ್ಯಾರಿಸ್, ಲಂಡನ್, ಎಲ್ಲಾ ಕಡೆ ಇದು ನಡೆಯುತ್ತದೆ. ಹಳೆಯ ಕೃತಿಯನ್ನು ಹೊಸ ಕಾಲಕ್ಕೆ, ಹೊಸ ಜಾಗಕ್ಕೆ ಎಳೆದು ತಂದು ಆಡಿಸುವುದು, ಅದನ್ನು ನೋಡಿ ಅರ್ಧ ಜನ ಉರಿದು ಬೀಳುವುದು, ಇನ್ನರ್ಧ ಜನ ಎದ್ದು ನಿಂತು ಚಪ್ಪಾಳೆ ಹೊಡೆಯುವುದು. ಜರ್ಮನ್ನರು ಈ ಬಗೆಯ ರಂಗಪ್ರಯೋಗಕ್ಕೆ 'ರೆಜೀಟೆಯಾಟರ್' ಅನ್ನುತ್ತಾರೆ, ಅಂದರೆ ನಿರ್ದೇಶಕರ ರಂಗಭೂಮಿ. ಅಮೆರಿಕದಲ್ಲಿ ಇದನ್ನು ಕಂಡರೆ ಆಗದವರು 'ಯೂರೋಟ್ರ್ಯಾಶ್' ಅನ್ನುತ್ತಾರೆ, ಯುರೋಪಿನ ಕಸ ಅಂತ. ಹೆಸರು ಇಡುವುದರಲ್ಲೇ ಜಗಳ ಶುರು.

ಇದನ್ನು ಹಳೆಯವರು-ಹೊಸಬರ ಜಗಳ ಅಂದುಬಿಟ್ಟರೆ ಕೆಲಸ ಸುಲಭ. ಆದರೆ ಒಂದೊಂದೇ ಪ್ರಕರಣ ಬಿಡಿಸಿ ನೋಡಿದರೆ ಆ ಲೆಕ್ಕ ಹೊಂದುವುದಿಲ್ಲ.

ಮೊದಲು ಆ ಟೋಸ್ಕಾ. ಎರಡನೇ ಅಂಕದ ಕೊನೆಯಲ್ಲಿ ಗಾಯಕಿ ಟೋಸ್ಕಾ, ತನ್ನನ್ನು ಬಲವಂತ ಮಾಡಲು ಬಂದ ಪೊಲೀಸ್ ಮುಖ್ಯಸ್ಥ ಸ್ಕಾರ್ಪಿಯಾನನ್ನು ಚಾಕುವಿನಿಂದ ಇರಿದು ಕೊಲ್ಲುತ್ತಾಳೆ. ಸೀದಾ ಓಡಿಹೋಗುವುದಿಲ್ಲ. ಅವಳು ದೈವಭಕ್ತೆ. ಎರಡು ಮೇಣದಬತ್ತಿ ತಂದು ಹೆಣದ ತಲೆಯ ಎರಡೂ ಬದಿಗೆ ಇಡುತ್ತಾಳೆ, ಗೋಡೆಯ ಮೇಲಿನ ಶಿಲುಬೆ ತೆಗೆದು ಅವನ ಎದೆಯ ಮೇಲಿಡುತ್ತಾಳೆ, ಆಮೇಲೆ ಮೆಲ್ಲಗೆ ಹೊರಗೆ ಹೋಗುತ್ತಾಳೆ. ಇದು ಸಾರ್ದೂ ಬರೆದ ಮೂಲ ನಾಟಕದಿಂದ ಬಂದದ್ದು. ಪುಚ್ಚೀನಿ ಇದನ್ನು ಸ್ವರಲಿಪಿಯಲ್ಲೇ ಸೂಚನೆಯಾಗಿ ಬರೆದಿದ್ದಾನೆ, ಅಷ್ಟೇ ಅಲ್ಲ, ಬತ್ತಿ ಇಡುವಷ್ಟು ಹೊತ್ತಿಗೆ, ಶಿಲುಬೆ ಇಡುವಷ್ಟು ಹೊತ್ತಿಗೆ ಅಳತೆ ಮಾಡಿ ವಾದ್ಯಸಂಗೀತ ಕೂರಿಸಿದ್ದಾನೆ. ಯಾರೂ ಹಾಡುವುದಿಲ್ಲ, ಬರೀ ಆರ್ಕೆಸ್ಟ್ರಾ. ಬೊಂಡಿಯ ಪ್ರಯೋಗದಲ್ಲಿ ಬತ್ತಿ ಇರಲಿಲ್ಲ, ಶಿಲುಬೆ ಇರಲಿಲ್ಲ. ಟೋಸ್ಕಾ ಪಾತ್ರದ ಕರೀತಾ ಮಟ್ಟಿಲಾ ಸೋಫಾದ ಮೇಲೆ ಒರಗಿ ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದರು.

ಕೊಲೆ ಮಾಡಿದ ಹೆಂಗಸು ದಂಗಾಗಿ ಕೂರುವುದು ಮನಶ್ಶಾಸ್ತ್ರದ ಲೆಕ್ಕದಲ್ಲಿ ತಪ್ಪೇನಲ್ಲ. ಬೊಂಡಿ ಕೆಲಸ ಗೊತ್ತಿಲ್ಲದ ನಿರ್ದೇಶಕರೂ ಅಲ್ಲ. ಆದರೆ ಕೇಳುತ್ತಾ ಕೂತವನಿಗೆ ಆಗುವುದೇನು ಅಂದರೆ, ಸಂಗೀತ ಯಾವುದೋ ಕೆಲಸ ಮಾಡುತ್ತಿದೆ, ವೇದಿಕೆಯಲ್ಲಿ ಆ ಕೆಲಸ ನಡೆಯುತ್ತಿಲ್ಲ. ಯಾರೋ ಕೈ ಚಾಚಿದಾಗ ಅದನ್ನು ಹಿಡಿಯೋಕೆ ಎದುರಿಗೆ ಯಾರೂ ಇಲ್ಲದ ಹಾಗೆ. ಈ ಖಾಲಿ ಜಾಗವೇ ಜನರನ್ನು ಕೆರಳಿಸುತ್ತದೆ ಅಂತ ನನಗೆ ಅನಿಸುತ್ತದೆ. ಸೋಫಾ ಹೊಸ ಕಾಲದ್ದಾ ಹಳೇ ಕಾಲದ್ದಾ ಅನ್ನೋದು ಆಮೇಲಿನ ಮಾತು.

ಇನ್ನೊಂದು ಕಾರಣವೂ ಇತ್ತು ಅನ್ನಿ. ಬೊಂಡಿಯ ಪ್ರಯೋಗ ಬಂದದ್ದು ಫ್ರಾಂಕೊ ಝೆಫಿರೆಲ್ಲಿಯ 1985ರ ಟೋಸ್ಕಾದ ಜಾಗಕ್ಕೆ. ಅದರಲ್ಲಿ ರೋಮಿನ ಸಂತ ಆಂಡ್ರಿಯಾ ಚರ್ಚು, ಫರ್ನೇಸೆ ಅರಮನೆ, ಸಂತ ಏಂಜೆಲೊ ಕೋಟೆ, ಎಲ್ಲವನ್ನೂ ವೇದಿಕೆ ತುಂಬಾ ಕಟ್ಟಿ ನಿಲ್ಲಿಸಿದ್ದರು. ಇಪ್ಪತ್ತನಾಲ್ಕು ವರ್ಷ ಅದನ್ನು ನೋಡಿ ಅಭ್ಯಾಸವಾದವರಿಗೆ ಬರೀ ಇಟ್ಟಿಗೆ ಗೋಡೆ ತೋರಿಸಿದರೆ, ಮದುವೆ ಮನೆಯಲ್ಲಿ ಎಲೆ ಹಾಕಿ ಬರೀ ಅನ್ನ ಬಡಿಸಿದ ಹಾಗೆ.

ಹಾಗಾದರೆ ಒಪೆರಾ ಹೌಸುಗಳು ಸುಮ್ನೆ ಹಳೆಯ ಥರಾನೇ ಮಾಡಿಕೊಂಡು ಇರಬಾರದಾ? ಇಲ್ಲಿ ಒಂದು ವಿಷಯ ಗಮನಿಸಬೇಕು. ನಮ್ಮ ಯಕ್ಷಗಾನದಲ್ಲಿ ಪ್ರಸಂಗ ಹಳೆಯದೇ ಇರಬಹುದು, ಆದರೆ ಅರ್ಥಗಾರಿಕೆ ಆ ರಾತ್ರಿಯದು. ಕರ್ಣ ಇವತ್ತು ಏನು ಮಾತಾಡುತ್ತಾನೆ ಅನ್ನೋದು ವೇಷಧಾರಿಯ ಕೈಯಲ್ಲಿದೆ, ಹಿಂದಿನ ರಾತ್ರಿಗಿಂತ ಬೇರೆಯೇ ಆಗಬಹುದು. ಒಪೆರಾದಲ್ಲಿ ಹಾಗೆ ಆಗುವ ಹಾಗೇ ಇಲ್ಲ. ಮಾತು ಬರೆದಾಗಿದೆ, ಸ್ವರ ಬರೆದಾಗಿದೆ, ಎಷ್ಟು ಹೊತ್ತು ಮೌನ ಅನ್ನೋದನ್ನೂ ಬರೆದಾಗಿದೆ. ಇದರ ಮೇಲೆ ಜಗತ್ತಿನ ಒಪೆರಾ ಹೌಸುಗಳೆಲ್ಲ ಮತ್ತೆ ಮತ್ತೆ ಆಡಿಸುವುದು ಅದೇ ಬೆರಳೆಣಿಕೆಯ ಕೃತಿಗಳನ್ನು: 'ಲಾ ಟ್ರಾವಿಯಾಟಾ', 'ಕಾರ್ಮೆನ್', 'ಲಾ ಬೊಯೆಮ್', 'ಟೋಸ್ಕಾ', 'ಮಾಂತ್ರಿಕ ಕೊಳಲು'. ಹೊಸತನಕ್ಕೆ ಉಳಿಯುವ ಬಾಗಿಲುಗಳು ಎರಡೇ, ಹಾಡುವವರು ಮತ್ತು ವೇದಿಕೆ. ಹಾಗಾಗಿ ನೂರೈವತ್ತು ವರ್ಷದ ಕೃತಿಗೆ ಇವತ್ತೇನು ಅರ್ಥ ಅನ್ನೋ ಪ್ರಶ್ನೆಯ ಭಾರವೆಲ್ಲ ವೇದಿಕೆಯ ಮೇಲೇ ಬೀಳುತ್ತದೆ.

ಅದರಲ್ಲೂ ಜರ್ಮನಿಯಲ್ಲಿ ಈ ಭಾರ ಜಾಸ್ತಿ. ಅದಕ್ಕೆ ಇತಿಹಾಸದ ಕಾರಣ ಇದೆ, ಆ ಇತಿಹಾಸದ ನಡುಮಧ್ಯೆ ಬೈರಾಯ್ಟ್ ಅನ್ನೋ ಸಣ್ಣ ಊರು ಇದೆ.

ಜರ್ಮನ್ ಸಂಗೀತಗಾರ ರಿಚರ್ಡ್ ವಾಗ್ನರ್ ತನ್ನ ಕೃತಿಗಳಿಗಾಗಿಯೇ ಅಲ್ಲಿ ಒಂದು ರಂಗಮಂದಿರ ಕಟ್ಟಿಸಿದ. 1876ರಲ್ಲಿ, ರೈನ್ ನದಿಯ ಚಿನ್ನದಿಂದ ಮಾಡಿದ, ಅಧಿಕಾರ ಕೊಡುವ ಉಂಗುರದ ಕಥೆ ಹೇಳುವ 'ರಿಂಗ್' ಸರಣಿಯ ನಾಲ್ಕು ಒಪೆರಾಗಳ ಜೊತೆ ಉತ್ಸವ ಶುರುವಾಯಿತು. 1882ರಲ್ಲಿ 'ಪಾರ್ಸಿಫಾಲ್'. ಮರುವರ್ಷ ವಾಗ್ನರ್ ತೀರಿಕೊಂಡ, ಹೆಂಡತಿ ಕೊಸಿಮಾ ಉತ್ಸವದ ಹೊಣೆ ಹೊತ್ತರು. ಪಾರ್ಸಿಫಾಲ್‌ಗೆ ಮಾಡಿದ್ದ ಆ ಮೊದಲ ರಂಗಸಜ್ಜಿಕೆಯನ್ನು ಎಷ್ಟು ವರ್ಷ ಬಳಸಿದರು ಗೊತ್ತಾ? 1933ರವರೆಗೆ. ಐವತ್ತು ವರ್ಷ ಅದೇ ಬಟ್ಟೆ, ಅದೇ ಬಣ್ಣ. ಬದಲಾಯಿಸಬೇಕು ಅಂದಾಗ ಜನ ಸಹಿ ಸಂಗ್ರಹ ಮಾಡಿದರು, ಗುರುಗಳ ಕಣ್ಣು ಬಿದ್ದ ಸಜ್ಜಿಕೆ ಇದು, ಮುಟ್ಟಬೇಡಿ ಅಂತ. ತಮಾಷೆ ಏನಪ್ಪಾ ಅಂದರೆ, 'ಮಕ್ಕಳೇ, ಹೊಸದು ಮಾಡಿ' ಅಂತ 1852ರಲ್ಲೇ ಪತ್ರದಲ್ಲಿ ಬರೆದಿದ್ದವನು ಅದೇ ವಾಗ್ನರ್.

ಆಮೇಲೆ ಹಿಟ್ಲರ್ ಬಂದ. ಅವನು ವಾಗ್ನರ್ ಭಕ್ತ, ಆ ಮನೆಗೆ ಆಪ್ತ, ಉತ್ಸವದ ಖಾಯಂ ಅತಿಥಿ. ಯುದ್ಧ ಮುಗಿಯುವ ಹೊತ್ತಿಗೆ ವಾಗ್ನರನ ಕಾಡು, ಕೊಂಬಿನ ಶಿರಸ್ತ್ರಾಣ, ಕತ್ತಿ, ಕೋಟೆ ಎಲ್ಲಕ್ಕೂ ನಾತ್ಸಿಗಳ ವಾಸನೆ ಅಂಟಿಕೊಂಡಿತ್ತು. 1951ರಲ್ಲಿ ಉತ್ಸವ ಮತ್ತೆ ಶುರುವಾದಾಗ ಮೊಮ್ಮಗ ವೀಲಾಂಡ್ ವಾಗ್ನರ್ ವೇದಿಕೆಯನ್ನೇ ಗುಡಿಸಿ ಹಾಕಿದ. ಮರ ಇಲ್ಲ, ದೇವಾಲಯ ಇಲ್ಲ. ಹೆಚ್ಚುಕಮ್ಮಿ ಖಾಲಿ ನೆಲ, ಕತ್ತಲೆ, ಬೆಳಕು, ಅಷ್ಟೇ. ಇದರಲ್ಲಿ ಕಲೆಯೂ ಇತ್ತು, ಮನೆತನದ ಮೇಲಿನ ಕಲೆ ತೊಳೆಯುವ ಜಾಣತನವೂ ಇತ್ತು. ಎರಡನ್ನೂ ಬೇರೆ ಮಾಡೋಕೆ ಆಗೋದಿಲ್ಲ. 1956ರಲ್ಲಿ ಅವನು 'ನ್ಯೂರೆಂಬರ್ಗಿನ ಮೈಸ್ಟರ್‌ಸಿಂಗರ್ಸ್' ಮಾಡಿದಾಗ ವೇದಿಕೆಯಲ್ಲಿ ನ್ಯೂರೆಂಬರ್ಗ್ ಊರೇ ಇರಲಿಲ್ಲ. ಹಿಂದೆ ನಾತ್ಸಿ ಪಕ್ಷದ ಸಮಾವೇಶಗಳು ನಡೆದ ಊರು ಅದು. ಜನ ಬೂ ಕೂಗಿದರು. ಅವರಿಗೆ ತಮ್ಮ ಊರು ಬೇಕಿತ್ತು, ಅವನಿಗೆ ಆ ಊರಿನ ನೆನಪೇ ಬೇಡವಾಗಿತ್ತು.

ಇದನ್ನು ಬಿಟ್ಟು ಜರ್ಮನ್ ನಿರ್ದೇಶಕರ ಮೊಂಡುತನ ಅರ್ಥ ಆಗೋದಿಲ್ಲ. 'ಚೆನ್ನಾಗಿ ಕಾಣುವ ಹಳೆಯ ಕಾಲ' ಅನ್ನೋದೇ ಅವರಿಗೆ ಅನುಮಾನದ ವಸ್ತು. ಪೂರ್ವ ಬರ್ಲಿನ್ನಿನಲ್ಲಿ ವಾಲ್ಟರ್ ಫೆಲ್ಸೆನ್‌ಸ್ಟೈನ್ 1947ರಲ್ಲಿ ಕಟ್ಟಿದ ಕೋಮಿಷೆ ಓಪರ್ ಅನ್ನುವ ಒಪೆರಾ ಹೌಸಿನ ಪರಂಪರೆಯವರು, ಗೋಟ್ಸ್ ಫ್ರೀಡ್ರಿಷ್, ಹ್ಯಾರಿ ಕುಪ್ಫರ್, ಯೋವಾಖಿಮ್ ಹೆರ್ತ್ಸ್, ಒಪೆರಾ ಅಂದರೆ ನಾಟಕ, ಹಾಡುವವರು ನಿಂತು ಕೈ ಎತ್ತಿದರೆ ಸಾಲದು, ನಟಿಸಬೇಕು ಅನ್ನುವ ಹಟ ಹೊತ್ತು ಬಂದರು.

ಆದರೆ ಎಲ್ಲರ ಬಾಯಲ್ಲೂ ಬರುವ ಕಥೆ 1976ರದು. ರಿಂಗ್‌ಗೆ ನೂರು ವರ್ಷ. ಬೈರಾಯ್ಟ್‌ನವರು ಆ ಕೆಲಸವನ್ನು ಇಬ್ಬರು ಫ್ರೆಂಚರಿಗೆ ಕೊಟ್ಟರು, ಸಂಗೀತಕ್ಕೆ ಪಿಯರ್ ಬೂಲೆಜ್, ನಿರ್ದೇಶನಕ್ಕೆ ಮೂವತ್ತೊಂದು ವರ್ಷದ ಪತ್ರೀಸ್ ಷೆರೋ. ಪರದೆ ಎದ್ದಾಗ ರೈನ್ ನದಿಯ ಜಾಗದಲ್ಲಿ ಜಲವಿದ್ಯುತ್ ಅಣೆಕಟ್ಟು. ನದಿಯ ಕನ್ಯೆಯರು ಸೂಳೆಯರ ವೇಷದಲ್ಲಿ. ದೇವತೆಗಳ ರಾಜ ವೋಟಾನ್ ಹತ್ತೊಂಬತ್ತನೇ ಶತಮಾನದ ಉದ್ಯಮಿಯ ಹಾಗೆ ಉದ್ದ ಕೋಟಿನಲ್ಲಿ. ಸೀಟಿ, ಬೂ, ಕರಪತ್ರ, ಪ್ರೇಕ್ಷಕರ ನಡುವೆಯೇ ಕೈಕೈ ಮಿಲಾಯಿಸುವ ಮಟ್ಟದ ಗಲಾಟೆ. ನಾಲ್ಕು ವರ್ಷ ಕಳೆದು 1980ರಲ್ಲಿ ಅದರ ಕೊನೆಯ ಪ್ರದರ್ಶನ ಮುಗಿದಾಗ ಅದೇ ರಂಗಮಂದಿರದಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಚಪ್ಪಾಳೆ ನಿಲ್ಲಲಿಲ್ಲ. ಟಿವಿಯಲ್ಲಿ ಬಂತು, ಡಿವಿಡಿಯಾಯಿತು. ಇವತ್ತು ನೋಡಿದರೆ ಅದರಲ್ಲಿ ಆಘಾತ ಆಗುವಂಥದ್ದು ಏನಿತ್ತು ಅನಿಸುತ್ತದೆ. ಅಷ್ಟು ಸಹಜವಾಗಿದೆ. ಚಿನ್ನ, ದುಡ್ಡು, ಅಧಿಕಾರ, ಒಪ್ಪಂದ ಮುರಿಯುವ ದೊಡ್ಡವರು, ಇದೆಲ್ಲ ವಾಗ್ನರ್ ಬರೆದದ್ದೇ. ಷೆರೋ ಹೊರಗಿಂದ ಏನೂ ತಂದು ತುರುಕಲಿಲ್ಲ, ಒಳಗಿದ್ದದ್ದಕ್ಕೆ ಕೋಟು ಹಾಕಿದ.

ಈ ಕಥೆಯಿಂದ ಒಂದು ಕೆಟ್ಟ ಚಾಳಿ ಶುರುವಾಯಿತು ಅನ್ನೋದನ್ನೂ ಹೇಳಬೇಕು. ಯಾವುದೇ ಪ್ರಯೋಗಕ್ಕೆ ಬೂ ಬಿದ್ದರೆ ಸಾಕು, 'ಷೆರೋಗೂ ಹೀಗೇ ಕೂಗಿದ್ದರು' ಅಂತ ಒಬ್ಬರು ಬಂದೇ ಬರುತ್ತಾರೆ. ಬೂ ಕೂಗಿಸಿಕೊಂಡು ಸದ್ದಿಲ್ಲದೆ ಗೋದಾಮು ಸೇರಿದ ಪ್ರಯೋಗಗಳ ಪಟ್ಟಿಯನ್ನು ಯಾರೂ ಇಡುವುದಿಲ್ಲ, ಅಲ್ವಾ? ಬೊಂಡಿಯ ಟೋಸ್ಕಾ ಹೋಯಿತು. 2017ರ ಕೊನೆಯ ರಾತ್ರಿ ಮೆಟ್‌ನಲ್ಲಿ ಡೇವಿಡ್ ಮೆಕ್‌ವಿಕರ್ ಮಾಡಿದ ಹೊಸ ಟೋಸ್ಕಾ ಬಂದಾಗ ಚರ್ಚು, ಅರಮನೆ, ಕೋಟೆ ಮೂರೂ ವಾಪಸ್ ಬಂದಿದ್ದವು.

ಈಗ ಆ ಕಡೆಯವರ ವಾದಕ್ಕೆ ಬರೋಣ. 'ಸಂಗೀತಗಾರ ಬರೆದ ಹಾಗೆ ಮಾಡಿ' ಅನ್ನುತ್ತಾರೆ. ಕೇಳೋಕೆ ನ್ಯಾಯ. ಆದರೆ ಬರೆದ ಹಾಗೆ ಅಂದರೆ ಹೇಗೆ? 1853ರಲ್ಲಿ ವೆನಿಸ್ಸಿನ ಲಾ ಫೆನೀಚೆಯಲ್ಲಿ ಟ್ರಾವಿಯಾಟಾ ಮೊದಲು ಆಡಿದಾಗ, ಪಾತ್ರಗಳು ತನ್ನ ಕಾಲದ, ಅಂದರೆ ಅವತ್ತಿನ ಬಟ್ಟೆಯಲ್ಲೇ ಬರಬೇಕು ಅನ್ನೋದು ಅದರ ಸಂಗೀತ ಬರೆದ ವೆರ್ಡಿಯ ಆಸೆ. ಪ್ಯಾರಿಸ್ಸಿನ ವೇಶ್ಯೆಯೊಬ್ಬಳ ಕಥೆ, ಅದು ಎದುರು ಕೂತ ಶ್ರೀಮಂತರ ಮನೆಯದೇ ಕಥೆ. ಒಪೆರಾ ಹೌಸಿನವರು ಒಪ್ಪಲಿಲ್ಲ. 1700ರ ಸುಮಾರಿಗೆ ಹಿಂದೆ ತಳ್ಳಿಸಿದರು. 'ರಿಗೊಲೆಟ್ಟೊ'ದ್ದೂ ಇದೇ ಪಾಡು. ಮೂಲ ನಾಟಕದಲ್ಲಿ ಫ್ರಾನ್ಸಿನ ರಾಜ ಇದ್ದ, ಆಸ್ಟ್ರಿಯಾದ ಸೆನ್ಸಾರ್‌ ಕಾಟಕ್ಕೆ ಅವನು ಮಾಂಟುವಾದ ಡ್ಯೂಕ್ ಆದ. 'ಮುಖವಾಡದ ನೃತ್ಯ'ದಲ್ಲಿ ಸ್ವೀಡನ್ನಿನ ರಾಜ ಹಡಗು ಹತ್ತಿ ಅಮೆರಿಕದ ಬಾಸ್ಟನ್ನಿಗೇ ಹೋಗಬೇಕಾಯಿತು! ಹಾಗಾಗಿ ಸಾಂಪ್ರದಾಯಿಕ ಸೆಟ್ಟು ಅಂತ ನಾವು ಕಾಪಾಡುತ್ತಿರುವುದು ಕೆಲವೊಮ್ಮೆ ಸೆನ್ಸಾರ್ ಅಧಿಕಾರಿಯ ರುಚಿಯನ್ನು. ಇನ್ನು ಕೆಲವು ಸಂಪ್ರದಾಯ ಆಕಸ್ಮಿಕವಾಗಿ ಹುಟ್ಟಿದ್ದು. ಟೋಸ್ಕಾ ತನ್ನ ಪ್ರಸಿದ್ಧ ಹಾಡನ್ನು ನೆಲಕ್ಕೆ ಬಿದ್ದುಕೊಂಡೇ ಹಾಡುವ ಪದ್ಧತಿ ಶುರುವಾದದ್ದು ಮರಿಯಾ ಯೆರಿಟ್ಸಾ ಅನ್ನುವ ಗಾಯಕಿ ಅಭ್ಯಾಸದ ವೇಳೆ ಜಾರಿ ಬಿದ್ದದ್ದರಿಂದ ಅನ್ನುತ್ತಾರೆ.

ಜೊನಾಥನ್ ಮಿಲ್ಲರ್ 1982ರಲ್ಲಿ ಇಂಗ್ಲಿಷ್ ನ್ಯಾಷನಲ್ ಒಪೆರಾಕ್ಕೆ ರಿಗೊಲೆಟ್ಟೊ ಮಾಡಿದಾಗ ಅದನ್ನು ನ್ಯೂಯಾರ್ಕಿನ ಲಿಟಲ್ ಇಟಲಿಗೆ, ಮಾಫಿಯಾ ಗ್ಯಾಂಗಿನ ನಡುವೆ ತಂದಿಟ್ಟ. ಡ್ಯೂಕ್ ಅಂದರೆ ಗ್ಯಾಂಗಿನ ಬಾಸ್. ಹೆಂಗಸರ ಮನಸ್ಸು ಗಾಳಿಗೆ ಹಾರುವ ಗರಿ ಅನ್ನುವ ಆ ಹಾಡು ಎಲ್ಲರಿಗೂ ಗೊತ್ತಲ್ಲ, ಅದು ಬಾರಿನ ಜೂಕ್‌ಬಾಕ್ಸಿನಿಂದ ಶುರುವಾಗುತ್ತದೆ. ಪ್ರೇಕ್ಷಕರು ಖುಷಿಯಾದರು. ದಶಕಗಳ ಕಾಲ ಓಡಿತು. ಯಾಕೆ? ಮಾಂಟುವಾದ ಡ್ಯೂಕ್ ಮಾಡುವುದೆಲ್ಲ, ಯಾರ ಮಗಳನ್ನಾದರೂ ಎತ್ತಿಕೊಂಡು ಹೋಗುವುದು, ಸುತ್ತ ನಗುವ ಚೇಲಾಗಳು, ದುಡ್ಡಿಗೆ ಕೊಲ್ಲುವವನು, ಎಲ್ಲ ಮಾಫಿಯಾದಲ್ಲಿ ಹಾಗೇ ಕೂತುಕೊಳ್ಳುತ್ತದೆ. ಹಾಡಿನ ಒಂದು ಸಾಲಿಗೂ ನೋವಾಗುವುದಿಲ್ಲ.

2005ರಲ್ಲಿ ಸಾಲ್ಸ್‌ಬರ್ಗ್‌ನಲ್ಲಿ ವಿಲ್ಲಿ ಡೆಕರ್ ಮಾಡಿದ ಟ್ರಾವಿಯಾಟಾ ನನಗೆ ಇದಕ್ಕಿಂತ ಇಷ್ಟ. ನಾನು ನೋಡಿದ್ದು ಪರದೆಯ ಮೇಲೆ, ಲ್ಯಾಪ್‌ಟಾಪಿನಲ್ಲಿ, ಆದರೂ ಗಂಟಲು ಕಟ್ಟಿತು. ಅರ್ಧಚಂದ್ರಾಕಾರದ ಬಿಳಿ ಗೋಡೆ, ಒಂದು ಕೆಂಪು ಸೋಫಾ, ಒಂದು ದೊಡ್ಡ ಗಡಿಯಾರ. ಆನಾ ನೆಟ್ರೆಬ್ಕೊ ಕೆಂಪು ಉಡುಪಿನಲ್ಲಿ. ಪ್ಯಾರಿಸ್ ಇಲ್ಲ, ದೀಪಗುಚ್ಛ ಇಲ್ಲ, ಹೂದಾನಿಯೂ ಇಲ್ಲ. ಟ್ರಾವಿಯಾಟಾ ಶುರುವಾಗುವುದೇ ಕೊನೆಯ ಅಂಕದ ಸಾವಿನ ಸಂಗೀತದಿಂದ. ಕ್ಷಯ ಹಿಡಿದ ವಯೊಲೆಟ್ಟಾಗೆ ಹೆಚ್ಚು ದಿನ ಇಲ್ಲ ಅಂತ ಪರದೆ ಏಳುವ ಮೊದಲೇ ವೆರ್ಡಿ ಹೇಳಿಬಿಡುತ್ತಾನೆ. ಡೆಕರ್ ಅದನ್ನು ಕೇಳಿಸಿಕೊಂಡ. ಆ ಸಂಗೀತ ನಡೆಯುವಾಗ ಅವಳು ನಿಧಾನಕ್ಕೆ ನಡೆದು ಬರುತ್ತಾಳೆ, ಗಡಿಯಾರದ ಪಕ್ಕ ಒಬ್ಬ ಮುದುಕ ಸುಮ್ಮನೆ ಕೂತಿರುತ್ತಾನೆ. ಇಷ್ಟು 'ಆಧುನಿಕ' ಆಗಿದ್ದರೂ ಜನ ಮುಗಿಬಿದ್ದು ನೋಡಿದರು. ಆಮೇಲೆ ಮೆಟ್‌ಗೂ ಅದು ಹೋಯಿತು.

ಇದಕ್ಕೆ ತಿರುವುಮುರುವು ಉದಾಹರಣೆಯೂ ಇದೆ. 2010ರಿಂದ ಮೆಟ್‌ನಲ್ಲಿ ರೊಬೆರ್ ಲೆಪಾಜ್ ಮಾಡಿದ ರಿಂಗ್‌ನಲ್ಲಿ ಕಥೆ ಒಂದಿಷ್ಟೂ ಬದಲಾಗಲಿಲ್ಲ. ಈಟಿ ಈಟಿಯೇ, ದೇವತೆ ದೇವತೆಯೇ. ಹಳೆಯ ರುಚಿಯವರು ಖುಷಿಪಡಬೇಕಿತ್ತು. ಆದರೆ ಸೆಟ್ಟು 45 ಟನ್ ತೂಕದ ಒಂದು ಯಂತ್ರ, 24 ಹಲಗೆಗಳು ತಿರುಗುತ್ತಾ ಬೆಟ್ಟವಾಗಿ ನದಿಯಾಗಿ ಕುದುರೆಯಾಗಿ ಬದಲಾಗುವಂಥದ್ದು. ವೇದಿಕೆಯ ಕೆಳಗೆ ಉಕ್ಕಿನ ತೊಲೆ ಕೊಡಬೇಕಾಯಿತು. ಮೊದಲ ರಾತ್ರಿಯೇ, ದೇವತೆಗಳು ವಾಲ್ಹಾಲಾ ಅರಮನೆಗೆ ಹೋಗುವ ಕೊನೆಯ ದೃಶ್ಯದಲ್ಲಿ, ಯಂತ್ರ ಕೈಕೊಟ್ಟಿತು. ಮೆತ್ತನೆಯ ಸಂಗೀತದ ನಡುವೆ ಅದು ಕಿರ್ ಅನ್ನುವ ಸದ್ದು ಬೇರೆ. ಸಂಪ್ರದಾಯ ಇಷ್ಟಪಡುವವರೂ ಬೈದರು, ಪ್ರಯೋಗ ಇಷ್ಟಪಡುವವರೂ ಬೈದರು. ಹೊಸದು ಹಳೆಯದು ಅನ್ನುವ ಗೆರೆ ಇಲ್ಲಿ ಯಾವ ಕೆಲಸಕ್ಕೂ ಬರಲಿಲ್ಲ.

ಹಾಗಂತ ಸಂಗೀತ ಕೇಳಿಸಿಕೊಂಡರೆ ಸಾಕು, ಎಲ್ಲ ಸರಿಹೋಗುತ್ತದೆ ಅನ್ನುವಷ್ಟು ಸರಳವೂ ಅಲ್ಲ. 2017ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನ ಬಾಸ್ಟಿಯ್ ಒಪೆರಾದಲ್ಲಿ ಕ್ಲಾಸ್ ಗುಥ್ 'ಲಾ ಬೊಯೆಮ್' ಅನ್ನು ಬಾಹ್ಯಾಕಾಶ ನೌಕೆಯೊಳಗೆ ಇಟ್ಟ. ಪ್ಯಾರಿಸ್ಸಿನ ಬಡ ಕಲಾವಿದರ ಅಟ್ಟದ ಕೋಣೆ ಹೋಗಿ, ದಾರಿ ತಪ್ಪಿದ ನೌಕೆಯಲ್ಲಿ ಉಸಿರುಗಾಳಿ ಮುಗಿಯುತ್ತಿರುವ ಗಗನಯಾತ್ರಿಗಳು ಬಂದರು. ಕೇಳಿದ ಕೂಡಲೇ ನಗು ಬರುತ್ತದೆ. ಪ್ಯಾರಿಸ್ಸಿನವರು ಬೂ ಕೂಗಿದರು. ಆದರೆ ಯೋಚನೆ ಪೂರ್ತಿ ಹುಚ್ಚಲ್ಲ. ಸಾಯುತ್ತಿರುವವರು ತಮ್ಮ ಹರೆಯವನ್ನು, ಕಥಾನಾಯಕಿ ಮೀಮಿಯನ್ನು ನೆನೆಸಿಕೊಳ್ಳುತ್ತಾರೆ, ಅಷ್ಟೇ. ತೊಂದರೆ ಎಲ್ಲಿ ಅಂದರೆ, ಬೊಯೆಮ್ ನಿಂತಿರುವುದು ಸಣ್ಣ ಸಣ್ಣ ವಸ್ತುಗಳ ಮೇಲೆ. ಆರಿದ ಬತ್ತಿ, ಕತ್ತಲಲ್ಲಿ ಬಿದ್ದ ಕೀಲಿಕೈ, ತಣ್ಣಗಾದ ಕೈ, ಅಡವಿಡುವ ಹಳೇ ಕೋಟು. ಆ ಕೋಟಿಗೆ ಒಬ್ಬ ವಿದಾಯದ ಹಾಡನ್ನೇ ಹಾಡುತ್ತಾನೆ. ಚಳಿಯಲ್ಲಿ ಬಡವನಿಗೆ ಕೋಟು ಅಂದರೇನು ಅಂತ ಗೊತ್ತಿದ್ದವರಿಗೆ ಆ ಹಾಡು ತಾಗುತ್ತದೆ. ಬಾಹ್ಯಾಕಾಶದಲ್ಲಿ ಅದಕ್ಕೆ ಏನು ಮಾಡೋಣ?

ಕೆಲವರು ಇನ್ನೂ ಮುಂದೆ ಹೋಗಿ ಕಥೆಯನ್ನೇ ತಿರುಗಿಸುತ್ತಾರೆ. 2018ರ ಜನವರಿಯಲ್ಲಿ ಫ್ಲಾರೆನ್ಸ್‌ನಲ್ಲಿ ಲಿಯೊ ಮುಸ್ಕಾಟೊ ಮಾಡಿದ ಕಾರ್ಮೆನ್‌ನಲ್ಲಿ ಕೊನೆಗೆ ಪ್ರೇಮಿ ಹೊಸೆ ಅವಳನ್ನು ಕೊಲ್ಲುವುದಿಲ್ಲ, ಕಾರ್ಮೆನ್ನೇ ಪಿಸ್ತೂಲು ತೆಗೆದು ಅವನನ್ನು ಕೊಲ್ಲುತ್ತಾಳೆ. ಹೆಂಗಸಿನ ಕೊಲೆಗೆ ಚಪ್ಪಾಳೆ ತಟ್ಟಿಸಬಾರದು ಅನ್ನೋದು ಕಾರಣ. ಮೊದಲ ರಾತ್ರಿ ಪಿಸ್ತೂಲು ಹಾರಲೇ ಇಲ್ಲ. ಮೇಲಿಂದ ಬೂ. ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಸಂಗೀತ ಬರೆದ ಬಿಜೆಟ್ ಮೊದಲಿಂದಲೂ ಒಂದು ಕರಾಳ ಸ್ವರಗುಚ್ಛವನ್ನು ಕಾರ್ಮೆನ್ ಬೆನ್ನಿಗೆ ಕಟ್ಟಿದ್ದಾನೆ, ಅವಳ ಸಾವಿನ ಕಡೆಗೇ ಎಲ್ಲ ಓಡುತ್ತಿರುತ್ತದೆ. ಅವಳಿಗೂ ಅದು ಗೊತ್ತು, ಇಸ್ಪೀಟು ಎಲೆಯಲ್ಲಿ ನೋಡಿರುತ್ತಾಳೆ, ಗೊತ್ತಿದ್ದೂ ತಲೆ ಬಾಗಿಸುವುದಿಲ್ಲ. ಅವಳ ಧೈರ್ಯ ಇರುವುದೇ ಅಲ್ಲಿ. ಪಿಸ್ತೂಲು ಕೊಟ್ಟರೆ ಅದು ಕಮ್ಮಿಯಾಗುತ್ತದೆ.

ಕೊನೆಯನ್ನು ಬದಲಾಯಿಸಿದ ಒಂದು ಪ್ರಕರಣ ಕೋರ್ಟಿಗೇ ಹೋಯಿತು. ಫ್ರೆಂಚ್ ಸಂಗೀತಗಾರ ಪುಲಾಂಕ್‌ನ 1957ರ ಒಪೆರಾ, ಫ್ರೆಂಚ್ ಕ್ರಾಂತಿಯಲ್ಲಿ ಗಿಲೊಟಿನ್‌ಗೆ ತಲೆಕೊಟ್ಟ ಕಾರ್ಮೆಲೈಟ್ ಸನ್ಯಾಸಿನಿಯರ ಕಥೆ. ಕೊನೆಯಲ್ಲಿ ಎಲ್ಲರೂ ಒಟ್ಟಿಗೆ ಪ್ರಾರ್ಥನೆ ಹಾಡುತ್ತಾರೆ, ಆರ್ಕೆಸ್ಟ್ರಾದಲ್ಲಿ ಕತ್ತಿ ಬೀಳುವ ಸದ್ದು ಬರುತ್ತದೆ, ಒಂದು ದನಿ ನಿಲ್ಲುತ್ತದೆ. ಮತ್ತೆ ಸದ್ದು, ಮತ್ತೊಂದು ದನಿ. ಹೀಗೇ ಒಬ್ಬಳೇ ಉಳಿಯುವವರೆಗೆ. ರಷ್ಯಾದ ನಿರ್ದೇಶಕ ಡಿಮಿಟ್ರಿ ಚೆರ್ನಿಯಾಕೋವ್ 2010ರಲ್ಲಿ ಮ್ಯೂನಿಕ್‌ನಲ್ಲಿ ಇದನ್ನು ಮಾಡಿದಾಗ ಗಿಲೊಟಿನ್ ತೆಗೆದ. ನಾಯಕಿ ಬ್ಲಾಂಷ್, ವಿಷಗಾಳಿ ತುಂಬಿದ ಗುಡಿಸಲಿನಿಂದ ಉಳಿದವರನ್ನು ಒಬ್ಬೊಬ್ಬರಾಗಿ ಹೊರಗೆಳೆದು ಕಾಪಾಡುತ್ತಾಳೆ, ತಾನು ಸಾಯುತ್ತಾಳೆ. ಕತ್ತಿಯ ಸದ್ದು ಮಾತ್ರ ಬೀಳುತ್ತಲೇ ಇರುತ್ತದೆ. ಪುಲಾಂಕ್ ಮತ್ತು ಮೂಲ ಬರೆದ ಬೆರ್ನಾನೊ ಇಬ್ಬರ ವಾರಸುದಾರರೂ ಮೊಕದ್ದಮೆ ಹಾಕಿದರು. 2015ರಲ್ಲಿ ಪ್ಯಾರಿಸ್ಸಿನ ಮೇಲ್ಮನವಿ ನ್ಯಾಯಾಲಯ ವಾರಸುದಾರರ ಪರ ತೀರ್ಪು ಕೊಟ್ಟು ಡಿವಿಡಿ ಮಾರಾಟ ತಡೆಯಿತು. 2017ರಲ್ಲಿ ಫ್ರಾನ್ಸಿನ ಅತ್ಯುನ್ನತ ನ್ಯಾಯಾಲಯ ಅದನ್ನು ರದ್ದು ಮಾಡಿತು. ಮಾತು ಬದಲಾಗಿಲ್ಲ, ಸ್ವರ ಬದಲಾಗಿಲ್ಲ, ಆದರೂ ಕೃತಿ ಬದಲಾಯಿತಾ? ಜಡ್ಜುಗಳೇ ಎರಡು ಕಡೆ ನಿಂತ ಪ್ರಶ್ನೆ ಇದು. ನಾನು ವಾರಸುದಾರರ ಕಡೆ ಅಲ್ಲ. ಆ ಕೈ ಬೇರೆ ಎಲ್ಲ ನಿರ್ದೇಶಕರ ಕುತ್ತಿಗೆಗೂ ಬರುತ್ತದೆ. ಆದರೆ ಅವರ ನೋವು ಸುಳ್ಳಲ್ಲ.

ಇಲ್ಲಿ ಎರಡು ಥರದ ಬೂ ಇದೆ ಅನ್ನೋದನ್ನು ಬೇರೆ ಮಾಡಬೇಕು. ಒಂದು, ಆಟ ಮುಗಿದ ಮೇಲಿನದು. ಅದು ಒಂಥರಾ ಮತದಾನ, ಕೆಲವು ಊರುಗಳಲ್ಲಿ ಅದೇ ಒಂದು ಸಂಪ್ರದಾಯ. ಇನ್ನೊಂದು, ನಡುವೆಯೇ, ಸಂಗೀತ ನಡೆಯುತ್ತಿರುವಾಗಲೇ ಕೂಗುವುದು. 2015ರಲ್ಲಿ ಲಂಡನ್ನಿನ ರಾಯಲ್ ಒಪೆರಾ ಹೌಸಿನಲ್ಲಿ ರೊಸ್ಸೀನಿಯ 'ವಿಲಿಯಂ ಟೆಲ್' ನಡೆಯುವಾಗ, ಸೈನಿಕರು ಒಬ್ಬ ಹೆಂಗಸಿನ ಮೇಲೆ ಎರಗುವ ದೀರ್ಘ ದೃಶ್ಯದ ವೇಳೆ ಹಾಗೆ ಆಯಿತು. ನಂತರ ಆ ದೃಶ್ಯವನ್ನು ಸ್ವಲ್ಪ ತಗ್ಗಿಸಿದರು. ಅದಕ್ಕೂ ಎರಡು ವರ್ಷ ಮೊದಲು ಡುಸೆಲ್ಡಾರ್ಫ್‌ನಲ್ಲಿ 'ಟಾನ್‌ಹಾಯ್ಸರ್' ಅನ್ನು ನಾತ್ಸಿ ಕಾಲಕ್ಕೆ ತಂದು, ಗ್ಯಾಸ್ ಕೋಣೆಯ ಸಾವುಗಳನ್ನು ತೋರಿಸಿದಾಗ ಕೆಲವರು ಡಾಕ್ಟರ ಹತ್ತಿರ ಹೋಗಬೇಕಾಯಿತು. ನಿರ್ದೇಶಕರು ಬದಲಾಯಿಸಲು ಒಪ್ಪಲಿಲ್ಲ. ಒಪೆರಾ ಹೌಸು ದೃಶ್ಯಗಳನ್ನೇ ಕೈಬಿಟ್ಟು ಉಳಿದ ದಿನಗಳಲ್ಲಿ ಬರೀ ಹಾಡಿಸಿತು. ಇದನ್ನು ರುಚಿಯ ಜಗಳ ಅನ್ನೋಕೆ ಆಗೋದಿಲ್ಲ. ಟಿಕೆಟ್ ತೆಗೆದುಕೊಂಡವರಲ್ಲಿ ಆ ಕಾಲ ಕಂಡ ಮನೆಯವರು ಇದ್ದಿರಬಹುದು, ಅವರನ್ನು ಎಚ್ಚರಿಸದೆ ಕತ್ತಲಲ್ಲಿ ಕೂರಿಸುವುದು ಧೈರ್ಯ ಅನ್ನಿಸಿಕೊಳ್ಳುವುದಿಲ್ಲ.

ಇನ್ನು ದುಡ್ಡಿನ ಮಾತು. ಜರ್ಮನಿಯಲ್ಲಿ ಸಣ್ಣ ಪಟ್ಟಣಗಳಲ್ಲೂ ಒಪೆರಾ ಹೌಸು ಇದೆ, ಖರ್ಚಿನ ಬಹುಪಾಲು ಸರ್ಕಾರದ್ದು. ಟಿಕೆಟ್ ಹೋಗದಿದ್ದರೆ ನಾಳೆ ಬಾಗಿಲು ಮುಚ್ಚುವ ಭಯ ಇಲ್ಲ. ಮೆಟ್‌ನಲ್ಲಿ ಸುಮಾರು 3,800 ಸೀಟು ತುಂಬಿಸಬೇಕು, ಉಳಿದದ್ದಕ್ಕೆ ಶ್ರೀಮಂತ ದಾನಿಗಳ ಕೈ ನೋಡಬೇಕು. ಟೆಕ್ಸಾಸ್‌ನ ಸಿಬಿಲ್ ಹ್ಯಾರಿಂಗ್ಟನ್ ಅವರಂಥ ದೊಡ್ಡ ದಾನಿ ತಮ್ಮ ದುಡ್ಡು ಸಾಂಪ್ರದಾಯಿಕ ಪ್ರಯೋಗಗಳಿಗೇ ಹೋಗಬೇಕು ಅಂತ ಷರತ್ತು ಹಾಕಿದ್ದರು. ಝೆಫಿರೆಲ್ಲಿಯ 1981ರ ಬೊಯೆಮ್ ಮೆಟ್‌ನಲ್ಲಿ ಇನ್ನೂ ಓಡುತ್ತಿರುವುದರ ಹಿಂದೆ ಪ್ರೀತಿಯೂ ಇದೆ, ಗಲ್ಲಾಪೆಟ್ಟಿಗೆಯೂ ಇದೆ. ಆದರೆ ಇದನ್ನೂ ಯುರೋಪ್-ಅಮೆರಿಕ ಅಂತ ಗೆರೆ ಎಳೆದು ಮುಗಿಸಬೇಡಿ. ಸರ್ಕಾರಿ ದುಡ್ಡಿನ ವಿಯೆನ್ನಾದಲ್ಲಿ 1958ರ ಟೋಸ್ಕಾ ಆರುನೂರಕ್ಕೂ ಹೆಚ್ಚು ಸಲ ಆಡಿದ್ದಾಗಿದೆ, ಯಾರೂ ಅದನ್ನು ಮುಟ್ಟುವ ಧೈರ್ಯ ಮಾಡಿಲ್ಲ.

ನನಗೆ ಇದಕ್ಕಿಂತ ಮುಖ್ಯ ಅನಿಸುವುದು, ಯಾರು ಎಷ್ಟನೇ ಸಲ ನೋಡುತ್ತಿದ್ದಾರೆ ಅನ್ನೋದು. ಬರ್ಲಿನ್ನಿನ ವಿಮರ್ಶಕ ಹದಿನೈದು ಟೋಸ್ಕಾ ನೋಡಿ ಬಂದಿರುತ್ತಾನೆ. ಅವನಿಗೆ ಬತ್ತಿ ಇಲ್ಲದ ಟೋಸ್ಕಾ ಒಂದು ಮಾತು, ಹಿಂದಿನ ಹದಿನೈದಕ್ಕೆ ಕೊಟ್ಟ ಉತ್ತರ. ಜೀವನದಲ್ಲಿ ಮೊದಲ ಸಲ ಬಂದವಳಿಗೆ ಆ ಬತ್ತಿ ಇರಬೇಕಿತ್ತು ಅನ್ನೋದೇ ಗೊತ್ತಿಲ್ಲ. ವೇದಿಕೆಯ ಮೇಲಿನ ಫಲಕದಲ್ಲಿ 'ಕತ್ತಿ' ಅಂತ ಅನುವಾದ ಬರುತ್ತಿದೆ, ಹಾಡುವವನ ಕೈಯಲ್ಲಿ ಮೊಬೈಲ್ ಇದೆ. ಅರ್ಥ ಬೇಕಿದ್ದರೆ ದಪ್ಪ ಪುಸ್ತಿಕೆಯಲ್ಲಿ ನಿರ್ದೇಶಕರ ಟಿಪ್ಪಣಿ ಓದಿ ಅನ್ನುತ್ತಾರೆ. ಪುಸ್ತಿಕೆ ಓದಿದರೆ ಮಾತ್ರ ತಿಳಿಯುವ ನಾಟಕ ವೇದಿಕೆಯಲ್ಲಿ ಇಲ್ಲ ಅಂತಲೇ ಲೆಕ್ಕ.

ಇದರ ಹೊಡೆತ ಹಾಡುವವರಿಗೂ ಬೀಳುತ್ತದೆ. ಅವರು ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ, ಮುಂದಿನ ಕೆಲಸ ಬೇಕಲ್ಲ. 2013ರ ಡಿಸೆಂಬರ್ 7ರಂದು ಮಿಲಾನಿನ ಲಾ ಸ್ಕಾಲಾ ಸೀಸನ್ ಶುರುವಾದದ್ದು ಮತ್ತೆ ಅದೇ ಚೆರ್ನಿಯಾಕೋವ್‌ನ ಟ್ರಾವಿಯಾಟಾದಿಂದ. ನಾಯಕ ಆಲ್ಫ್ರೆಡೊ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ, ಹಿಟ್ಟು ಲಟ್ಟಿಸುತ್ತಾ ಹಾಡುತ್ತಾನೆ. ಬೂ ಬಿತ್ತು. ಆ ಪಾತ್ರ ಮಾಡಿದ ಪೋಲೆಂಡಿನ ಪಿಯೊಟ್ರ್ ಬೆಚಾವ ಬೇಸತ್ತು, ಇನ್ನು ಲಾ ಸ್ಕಾಲಾದಲ್ಲಿ ಹಾಡುವುದಿಲ್ಲ ಅಂತ ಬಹಿರಂಗವಾಗಿಯೇ ಬರೆದರು.

ಬೈರಾಯ್ಟ್ ಮಾತ್ರ ಬದಲಾಗಿಲ್ಲ, ಅಂದರೆ ಬದಲಾಗುತ್ತಲೇ ಇದೆ. 2010ರಲ್ಲಿ ನಿರ್ದೇಶಕ ನಾಯೆನ್‌ಫೆಲ್ಸ್ ವಾಗ್ನರನ 'ಲೋಹೆಂಗ್ರಿನ್'ನ ಮೇಳದವರನ್ನು ಪ್ರಯೋಗಾಲಯದ ಇಲಿಗಳನ್ನಾಗಿ ಮಾಡಿದಾಗ ಕೂಗಾಡಿದವರು, ಐದಾರು ವರ್ಷದಲ್ಲಿ ಆ ಇಲಿಗಳನ್ನು ಮುದ್ದು ಮಾಡತೊಡಗಿದರು. 2013ರಲ್ಲಿ, ವಾಗ್ನರ್ ಹುಟ್ಟಿ ಇನ್ನೂರು ವರ್ಷ ಆದಾಗ, ಫ್ರಾಂಕ್ ಕಾಸ್ಟೋರ್ಫ್ ರಿಂಗ್‌ನ ಚಿನ್ನವನ್ನು ಪೆಟ್ರೋಲು ಎಣ್ಣೆ ಮಾಡಿದ. ಮೊಸಳೆಗಳೂ ಇದ್ದವು, ಬೆಟ್ಟದಲ್ಲಿ ಕೆತ್ತಿದ ಮಾರ್ಕ್ಸ್, ಲೆನಿನ್, ಸ್ಟಾಲಿನ್, ಮಾವೊ ತಲೆಗಳೂ ಇದ್ದವು. ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಬೂ. ಕಾಸ್ಟೋರ್ಫ್ ಕದಲದೆ ಅಲ್ಲೇ ನಿಂತು ಹೆಬ್ಬೆರಳು ಎತ್ತಿ ತೋರಿಸಿದ. ಸಂಗೀತ ನಡೆಸಿದ ಕಿರಿಲ್ ಪೆಟ್ರೆಂಕೊಗೆ ಮಾತ್ರ ಅದೇ ಜನ ನೆಲ ಕುಟ್ಟಿ ಜೈಕಾರ ಹಾಕಿದರು. 2022ರಲ್ಲಿ ವಾಲೆಂಟಿನ್ ಷ್ವಾರ್ಟ್ಸ್ ಮಾಡಿದ ರಿಂಗ್‌ನಲ್ಲಿ ಉಂಗುರವೇ ಇರಲಿಲ್ಲ, ಅದರ ಜಾಗದಲ್ಲಿ ಒಂದು ಮಗು. ಮತ್ತೆ ಬೂ.

ಆಮೇಲೆ 2023 ಬಂತು. ಅಮೆರಿಕದ ಜೇ ಶೈಬ್ ಪಾರ್ಸಿಫಾಲ್‌ಗೆ ವಿಶೇಷ ಕನ್ನಡಕ ತಂದ. ಅದನ್ನು ಹಾಕಿಕೊಂಡರೆ ವೇದಿಕೆಯ ಸುತ್ತ ಗಾಳಿಯಲ್ಲಿ ಹಂಸ, ಬಾಣ, ತಲೆಬುರುಡೆ, ಪ್ಲಾಸ್ಟಿಕ್ ಚೀಲ ಎಲ್ಲ ತೇಲುತ್ತವೆ. ದುಡ್ಡಿನ ಬಗ್ಗೆ ಎಳೆದಾಟವಾಗಿ, ಸುಮಾರು 1,900 ಸೀಟಿನ ರಂಗಮಂದಿರಕ್ಕೆ ಕನ್ನಡಕ ಬಂದದ್ದು 330. ಉಳಿದ ಒಂದೂವರೆ ಸಾವಿರಕ್ಕೂ ಹೆಚ್ಚು ಜನ ಬರಿಗಣ್ಣಲ್ಲಿ ಬೇರೆಯೇ ಒಂದು ಪಾರ್ಸಿಫಾಲ್ ನೋಡಿದರು. ಪರದೆ ಬಿದ್ದ ಮೇಲೆ ಚಪ್ಪಾಳೆಯೂ ಬಂತು, ಬೂ ಕೂಡ ಬಂತು. ಕೂಗಿದವರು ಏನನ್ನು ನೋಡಿ ಕೂಗಿದರು ಅನ್ನೋದು ಪಕ್ಕದ ಸೀಟಿನವರಿಗೂ ಗೊತ್ತಾಗುವ ಹಾಗಿರಲಿಲ್ಲ.